ಒಂದು ಮಂಚದಷ್ಟು ಜಾಗ

ಬೀಗ ಮಾರಲು ಈ ಊರಿಗೆ ಬಂದವನು ನಾನೊಬ್ಬನೇ ಇರಬೇಕು. ಸಂತೆಯ ದಿನ ಮರದ ಪೆಟ್ಟಿಗೆಯ ಮೇಲೆ ಹಿತ್ತಾಳೆಯವು, ಕಬ್ಬಿಣದವು, ಎರಡು ಕೀಲಿಯವು ಎಂದು ಒಪ್ಪವಾಗಿ ಜೋಡಿಸಿಕೊಂಡು ಕುಳಿತಿದ್ದೆ. ಜನ ನಿಂತು ನೋಡಿದರು, ಕೈಗೆತ್ತಿಕೊಂಡು ತೂಗಿದರು, ಇದೊಂದು ವಿಚಿತ್ರ ಪ್ರಾಣಿ ಎಂಬಂತೆ ಮಕ್ಕಳಿಗೆ ತೋರಿಸಿದರು. ಸಂಜೆಯ ಹೊತ್ತಿಗೆ ಒಬ್ಬರು ಮಾತ್ರ ಒಂದನ್ನು ಕೊಂಡರು, ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಡಲು. ಅವರು ಹಾಲಪ್ಪನವರು, ಮುಂದೆ ನನಗೆ ಮಾವನಾದವರು.

"ಈ ಊರಾಗೆ ಬೀಗ ಯಾತಕ್ಕಪ್ಪ" ಎಂದರು. "ಕಾಣೋದನ್ನ ಕದಿಯೋರಿಲ್ಲ. ಕಾಣದ್ದನ್ನ ಕದಿಯೋಕಾಗಲ್ಲ."

ಈ ಮಾತಿನ ಅರ್ಥ ತಿಳಿಯಲು ನಾನು ಅವರ ಮಗಳು ನೀಲಾಂಬೆಯನ್ನು ಮದುವೆಯಾಗಿ, ಮನೆಯಳಿಯನಾಗಿ, ಅವರ ಮನೆಯ ನಡುಮನೆಯಲ್ಲಿ ಮೊಣಕಾಲು ಒಡೆದುಕೊಳ್ಳಬೇಕಾಯಿತು. ಒಡೆದದ್ದು ತೂಗುಯ್ಯಾಲೆಗೆ. ಅದು ನನಗೆ ಕಾಣುತ್ತಿರಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಈ ಊರಿನಲ್ಲಿ ಯಾರೇ ಒಂದು ವಸ್ತುವನ್ನು ಮನೆಯೊಳಗೆ ತಂದರೂ ಹೊಸ್ತಿಲು ದಾಟುವಾಗ ಒಂದು ಮಾತು ಹೇಳುತ್ತಾರೆ. "ಬಯಲಿಗೆ" ಎಂದರೆ ಅದು ಎಲ್ಲರಿಗೂ ಕಾಣುತ್ತದೆ. "ಬಳ್ಳಿಗೆ" ಎಂದರೆ ತಂದವರಿಗೂ ಅವರ ಹೊಟ್ಟೆಯಲ್ಲಿ ಹುಟ್ಟಿದವರಿಗೂ, ಆ ಮಕ್ಕಳ ಮಕ್ಕಳಿಗೂ ಮಾತ್ರ. "ಎದೆಗೆ" ಎಂದರೆ ಹೇಳಿದವರೊಬ್ಬರಿಗೇ. ಉಯ್ಯಾಲೆಯನ್ನು ಮಾವನವರು ಬಳ್ಳಿಗೆ ತಂದಿದ್ದರು. ಸಂಜೆ ಅಪ್ಪ ಮಗಳು ಗಾಳಿಯಲ್ಲಿ ಕುಳಿತು, ಹಿಂದಕ್ಕೂ ಮುಂದಕ್ಕೂ ತೂಗುತ್ತ ಕಾಫಿ ಕುಡಿಯುತ್ತಿದ್ದರು. ನನ್ನ ಮಗಳು ಚಂದ್ರಿ ಅಂಬೆಗಾಲಿಡುವ ವಯಸ್ಸಿಗೇ ಅದನ್ನು ಹತ್ತಿದಳು. ಗಾಳಿಯಲ್ಲಿ ತೂಗುವ ಹೆಂಡತಿಯೊಡನೆ ಜಗಳವಾಡುವುದು ಕಷ್ಟ. ಮಾತಿನ ಮುಖ್ಯ ಭಾಗಕ್ಕೆ ಬರುವ ಹೊತ್ತಿಗೆ ಅವಳು ದೂರ ಹೋಗಿರುತ್ತಾಳೆ.

ಇದಕ್ಕೆ ಕಟ್ಟುಪಾಡುಗಳಿದ್ದವು. ಹಿರಿಯರು ಬಳ್ಳಿಗೆ ಇಟ್ಟದ್ದನ್ನು ಮಕ್ಕಳು ಬೇಕಾದರೆ ಬಯಲಿಗೆ ತರಬಹುದು. ಬಯಲಿನಲ್ಲಿದ್ದುದನ್ನು ಒಳಕ್ಕೆ ಎಳೆದುಕೊಳ್ಳುವ ಹಾಗಿಲ್ಲ. ಊರು ಕಂಡದ್ದನ್ನು ಊರಿನ ಕಣ್ಣಿಂದ ಕಿತ್ತುಕೊಳ್ಳಲು ಯಾರಿಗೂ ಆಗದು. ಎದೆಗೆ ಇಟ್ಟದ್ದರ ಕತೆಯೇ ಬೇರೆ. ಇಟ್ಟವರು ಸತ್ತರೂ ಅದು ಸಾಯುವುದಿಲ್ಲ. ಮಕ್ಕಳಿಗೆ ಬರುತ್ತದೆ, ಆದರೆ ಸಿಗುವುದಿಲ್ಲ. ಕಮ್ಮಾರರ ಓಣಿಯ ಒಬ್ಬ ತನ್ನಪ್ಪ ಎದೆಗೆ ಇಟ್ಟುಕೊಂಡಿದ್ದ ಅದೇನನ್ನೋ ಹೊತ್ತು ಜೀವನವಿಡೀ ಎಡಕ್ಕೆ ವಾಲಿ ನಡೆಯುತ್ತಾನೆ. ಏನು ಹೊತ್ತಿದ್ದಾನೆಂದು ಅವನಿಗೂ ಗೊತ್ತಿಲ್ಲ. ಈಚೆಗೆ ಅವನ ಮಗನೂ ವಾಲುತ್ತಿದ್ದಾನೆ.

ಚಂದ್ರಿ ಹುಟ್ಟಿ, ಕೂಸನ್ನು ನಾನು ಎತ್ತಿಕೊಂಡು ಮನೆಯೊಳಗೆ ತರುವ ದಿನ ನನ್ನ ಬಾಯಿಗೆ ಬಟ್ಟೆ ಕಟ್ಟಿದರು. ಎಲ್ಲ ಅಪ್ಪಂದಿರಿಗೂ ಇಲ್ಲಿ ಕಟ್ಟುತ್ತಾರಂತೆ. ಬೇರೆಯವರು "ಬಯಲಿಗೆ" ಎಂದ ಮೇಲೆಯೇ ಬಿಚ್ಚುವುದು. ನನಗೆ ನಗು ಬಂದಿತ್ತು. ಆದರೆ ಕಟ್ಟಿದವರು ಮಾವನವರು, ಹಲ್ಲು ಸಡಿಲಾಗುವಷ್ಟು ಬಿಗಿಯಾಗಿ. ಕಟ್ಟಿದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದರು. ಮುದುಕರ ಶಿಸ್ತು ಎಂದುಕೊಂಡೆ.

ವಸ್ತುಗಳಷ್ಟೇ ಅಲ್ಲ, ವಾಡಿಕೆಗಳೂ ಇಲ್ಲಿ ಬಳುವಳಿಯಾಗಿ ಬರುತ್ತವೆ. ಮಾವನವರಿಗೆ ಎರಡು ವಾಡಿಕೆಗಳಿದ್ದವು. ಒಂದು, ಊಟಕ್ಕೆ ಮುಂಚೆ ಹಿಂದಿನ ಕೋಣೆಯ ಗೋಡೆಗೂಡಿನಲ್ಲಿ ಒಂದು ತಟ್ಟೆ ಅನ್ನ ಇಡುವುದು. ಸ್ವಲ್ಪ ಹೊತ್ತಿಗೆ ತಟ್ಟೆ ಬರಿದಾಗಿರುತ್ತಿತ್ತು. ನನಗೆ ಬಹಳ ದಿನ ಬೆಕ್ಕಿನ ಮೇಲೆ ಗುಮಾನಿಯಿತ್ತು. ಬೆಕ್ಕು ಸತ್ತ ಮೇಲೂ ತಟ್ಟೆ ಬರಿದಾಗುತ್ತಿತ್ತು. ಇನ್ನೊಂದು, ದೀಪ ಹಚ್ಚುವ ಹೊತ್ತಿಗೆ ಮರದ ಸೌಟಿನಿಂದ ಅದೇ ಗೋಡೆಯನ್ನು ಬಡಿದು, "ಇದ್ದೀನಿ, ಮಲಕ್ಕೋ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುವುದು. ಹೇಳಿ, ಗೋಡೆಗೆ ಕಿವಿಯಿಟ್ಟು ತುಸು ಹೊತ್ತು ನಿಲ್ಲುತ್ತಿದ್ದರು. ಬೀದಿಯವರು ಅದನ್ನು ಹಾಲಪ್ಪನ ಬಡಿತ ಎನ್ನುತ್ತಿದ್ದರು. ಅದನ್ನು ಕೇಳಿಕೊಂಡೇ ಎಮ್ಮೆ ಕಟ್ಟುತ್ತಿದ್ದರು, ಒಲೆ ಹಚ್ಚುತ್ತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಬೇರೆಯವರ ಎದೆಯದ್ದನ್ನು ಕೇಳುವುದು ಇಲ್ಲಿ ಬೆತ್ತಲೆ ನಿಂತವರನ್ನು ದಿಟ್ಟಿಸಿದಂತೆ.

ಚಂದ್ರಿಗೆ ಏಳು ತುಂಬಿದ ವರ್ಷ ಮಾವನವರು ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆಯೇ ನೀಲಾಂಬೆಯ ಕೈ ತಾನಾಗಿ ಸೌಟು ಹಿಡಿಯಿತು. ಅವಳ ಬಾಯಿಂದ ಬಂದದ್ದು ಅವಳ ದನಿಯಲ್ಲ. "ಇದ್ದೀನಿ, ಮಲಕ್ಕೋ." ಕಫ ಕಟ್ಟಿದ, ತಂಬಾಕಿನ ದನಿ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು "ಹಾಲಪ್ಪಜ್ಜ ಎದ್ದವ್ನೆ" ಎಂದು ಓಡಿದವು. ಮರುದಿನ ಅವಳು ಕದ ಮುಚ್ಚಿ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ದನಿ ಹಿಂದಿನ ದಿನದಷ್ಟೇ ದೊಡ್ಡದಾಗಿ ಬೀದಿಗೆ ಹೋಯಿತು. ಬಯಲಿನ ವಾಡಿಕೆ ಬಯಲಿನದೇ.

ಮರೆಮಾಡಲಾಗದ್ದನ್ನು ತಿದ್ದಬಹುದು. ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಗಟ್ಟಿ ಮನಸ್ಸಿನಿಂದ ತನ್ನ ರೀತಿಯಲ್ಲಿ ಮಾಡಿದರೆ ಹಿರಿಯರದು ಬಿಟ್ಟುಹೋಗಿ ತನ್ನದು ನಿಲ್ಲುತ್ತದೆ. ನೀಲಾಂಬೆ ಸೌಟನ್ನು ಅಟ್ಟಕ್ಕೆಸೆದು, ಗೋಡೆಯ ಮುಂದೆ ದೀಪವಿಟ್ಟು, ಸಣ್ಣ ಹಿತ್ತಾಳೆ ಗಂಟೆ ಬಾರಿಸಿದಳು. ಬಡಿತ ಬಿಟ್ಟುಹೋಗಿ ಗಂಟೆ ನೆಲೆನಿಂತಿತು. ಪಕ್ಕದ ಮನೆಯವರು ಬಂದು, "ಈಗ ಚೆಂದಾಯ್ತು ಬಿಡವ್ವ, ಗುಡಿ ಇದ್ದಂಗೈತೆ" ಎಂದು ಮೆಚ್ಚಿ ಹೋದರು. ತಟ್ಟೆಯ ವಾಡಿಕೆಗೆ ದನಿ ಇರಲಿಲ್ಲವಾದ್ದರಿಂದ ಅದನ್ನು ಅವಳು ತಿದ್ದಲಿಲ್ಲ.

ಗಂಟೆ ಶುರುವಾದ ಕೆಲವೇ ದಿನಗಳಲ್ಲಿ ಗೋಡೆ ಬಡಿಯತೊಡಗಿತು, ಒಳಗಿನಿಂದ.

ಮೊದಮೊದಲು ಮೆತ್ತಗೆ, ಕೇಳಿಸಿತೇ ಎಂದು ವಿಚಾರಿಸುವ ಹಾಗೆ. ಆಮೇಲೆ ಸುಣ್ಣ ಉದುರುವ ಹಾಗೆ. ನನಗೂ ಕೇಳುತ್ತಿತ್ತು. ಗೋಡೆ ಬಯಲಿನದು, ಬಡಿಯುವ ಕೈ ಮಾತ್ರ ಎದೆಯದು. ಬೀಗದವನ ಬುದ್ಧಿ, ಟೇಪು ತಂದು ಅಳೆದೆ. ಮನೆಯ ಹೊರಗಿನ ಉದ್ದಕ್ಕೂ ಒಳಗಿನ ಉದ್ದಕ್ಕೂ ತಾಳೆಯಾಗಲಿಲ್ಲ. ಹಿಂದಿನ ಗೋಡೆಯಲ್ಲಿ ಒಂದು ಮಂಚ ಹಿಡಿಸುವಷ್ಟು ಜಾಗ ಎಲ್ಲಿಗೋ ಹೋಗಿತ್ತು.

"ಅಪ್ಪನ ಎದೆಯ ಕೋಣೆ ಇರಬೇಕು" ಎಂದಳು ನೀಲಾಂಬೆ. "ಈಗ ನನ್ನದು."

"ನಿನ್ನದಾದರೆ ತೆಗೆ."

"ನನ್ನದು ಅಂದೆ. ನನಗೆ ಕಾಣುತ್ತೆ ಅಂದ್ನಾ?"

ನಾನು ಕಾಲುವೆಯಾಚೆ ಒಂದು ಬಾಡಿಗೆ ಮನೆ ನೋಡಿದೆ. ಹೊಸ ಮನೆ, ಯಾವ ಹಿರಿಯರೂ ಬದುಕಿರದ ಗೋಡೆಗಳು. ಸಾಮಾನು ಇಳಿಸುವ ಮೊದಲೇ ಒಳಗೂ ಹೊರಗೂ ಅಳೆದೆ, ಸರಿಯಾಗಿತ್ತು. ನೀಲಾಂಬೆ, ಚಂದ್ರಿ ಹೊಸ್ತಿಲು ದಾಟಿ ಬಂದರು. ಮತ್ತೆ ಅಳೆದೆ. ಒಂದು ಮಂಚದಷ್ಟು ಕಮ್ಮಿ. ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು, ಹಾಲು ಉಕ್ಕಿಸಲು ಹೇಳಿದೆ. ಬಳ್ಳಿ ಹಬ್ಬುವುದು ಮನುಷ್ಯರ ಮೇಲೆ, ಮನೆಯ ಮೇಲಲ್ಲ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಎಷ್ಟೋ ಊರು ಸುತ್ತಿದ ನನಗೆ ಅದನ್ನು ತಿಳಿಯಲು ಮುಂಗಡ ಬಾಡಿಗೆ ಕೊಡಬೇಕಾಯಿತು. ಸಂಜೆ ಗಂಟೆ ಬಾರಿಸಿದ ಮೇಲೆ ಹೊಸ ಗೋಡೆ ಬಡಿಯಿತು.

ಹೆದರದೆ ಇದ್ದವಳು ಚಂದ್ರಿ. ಶಾಲೆಯಿಂದ ಬಂದವಳೇ ಗೋಡೆಯ ಪಕ್ಕ ಕುಳಿತು, ಅದು ಬಡಿದಾಗ ತಾನೂ ಅಂಗೈಯಿಂದ ಬಡಿಯುತ್ತಿದ್ದಳು.

"ಅದು ಅಜ್ಜನ್ನ ಕೇಳ್ತೈತಪ್ಪ" ಎಂದಳು ಒಂದು ದಿನ. "ಅಜ್ಜ ಇಲ್ಲ ಅಂದೆ. ಹಂಗಾದ್ರೆ ಕೈ ಕೊಡು ಅಂತೈತೆ."

"ಮಾತಾಡುತ್ತದೇನೇ?"

"ಮಾತಲ್ಲ. ಬಡಿತದಾಗೆ ಗೊತ್ತಾಗುತ್ತೆ."

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳ ಬಲಗೈಯ ಬೆರಳ ತುದಿಗಳು ನನಗೆ ಕಾಣಲಿಲ್ಲ. ಅನ್ನದ ತುತ್ತು ತಟ್ಟೆಯಿಂದ ತಾನಾಗಿ ಎದ್ದು ಅವಳ ಬಾಯಿಗೆ ಹೋಯಿತು. ನಾನು ಕಣ್ಣಿಗೆ ಮಳೆಹುಳ ಬಿದ್ದವನಂತೆ ರೆಪ್ಪೆ ಬಡಿದೆ. ನನಗೆ ಕಾಣದ್ದು ಆ ಮನೆತನದಲ್ಲಿ ಎಷ್ಟೋ ಇತ್ತು. ಬಳ್ಳಿಯ ವಿಷಯವೇನೋ, ಅಳಿಯನಾದವನು ಸುಮ್ಮನಿರಬೇಕು ಎಂದುಕೊಂಡು ನೀಲಾಂಬೆಯ ಕಡೆ ನೋಡಿದೆ. ಅವಳೂ ಅದೇ ಬೆರಳುಗಳನ್ನು ಹುಡುಕುತ್ತಿದ್ದಳು.

"ಕೈ ನೋಯ್ತಾ ಮಗಾ?"

"ಇಲ್ಲಮ್ಮ. ತಣ್ಣಗೈತೆ."

ಗೋಡೆಯ ಹತ್ತಿರ ಬಿಡದಂತೆ ಅವಳನ್ನು ಕಾದೆವು. ಆದರೆ ಗೋಡೆಯಿಲ್ಲದ ಮನೆಯನ್ನು ಎಲ್ಲಿಂದ ತರುವುದು? ಯಾವ ಗೋಡೆಯ ಬಳಿ ಮಲಗಿಸಿದರೂ ಆ ಗೋಡೆಯೇ ಬಡಿಯುತ್ತಿತ್ತು. ಮುಂಗೈ ಹೋಯಿತು. ವಾರ ಕಳೆಯುವಷ್ಟರಲ್ಲಿ ಮೊಣಕೈವರೆಗೆ ಹೋಯಿತು. ನಾನು ಆ ತೋಳನ್ನು ಹಿಡಿಯಲು ಹೋದರೆ ನನ್ನ ಕೈ ಮುಷ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಉಯ್ಯಾಲೆಯಾದರೂ ಮೊಣಕಾಲಿಗೆ ತಾಗುತ್ತಿತ್ತು. ಇದು ತಾಗುತ್ತಲೂ ಇರಲಿಲ್ಲ.

ನೀಲಾಂಬೆಯ ಸೋದರತ್ತೆ, ಮಾವನವರ ತಂಗಿ ಹೊನ್ನಕ್ಕ ಊರ ಇನ್ನೊಂದು ತುದಿಯಲ್ಲಿದ್ದರು. ಮಗುವನ್ನು ಕರೆದುಕೊಂಡು ಹೋದಾಗ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಿದ್ದರು. ಚಂದ್ರಿಯ ಬರಿದಾದ ತೋಳನ್ನು ನೋಡಿ ಮೊರ ಪಕ್ಕಕ್ಕಿಟ್ಟರು.

"ಬಡಿತ ತಿದ್ದಿದ್ಯಾ ನೀಲಿ?"

ನೀಲಾಂಬೆ ತಲೆಯಾಡಿಸಿದಳು.

"ಆ ಗೋಡೆಯೊಳಗೆ ಏನಿದೆ ಅಮ್ಮಾ?" ಎಂದೆ ನಾನು.

"ಏನೈತೆ ಅಲ್ಲ ಅಳಿಯಪ್ಪ, ಯಾರವ್ರೆ ಅಂತ ಕೇಳು." ಅವರು ಕಾಲು ಚಾಚಿ ಕುಳಿತರು. "ಇವಳಿಗಿಂತ ಮುಂಚೆ ನಮ್ಮತ್ತಿಗೆಗೆ ಒಂದು ಗಂಡಾಗಿತ್ತು. ತವರಾಗೆ ಹೆತ್ತು ಕರ್ಕೊಂಡು ಬಂದ್ಲು. ಅಣ್ಣ ಕೂಸನ್ನ ಎತ್ಕೊಂಡು ಹೊಸ್ತಿಲು ದಾಟಿದ. ಆಗ ಬಾಯಿಗೆ ಬಟ್ಟೆ ಕಟ್ಟೋ ಪದ್ಧತಿ ಇರ್ಲಿಲ್ಲ. ಯಾರಿಗೆ ಹೊಳೀಬೇಕು ಹೇಳು. ಮುದ್ದು ಹೆಚ್ಚಾಯ್ತು, ಅವುಚ್ಕೊಂಡ, ಆ ಮಾತು ಅಂದ್ಬಿಟ್ಟ."

"ಎದೆಗೆ."

"ನೋಡ್ತಾ ನೋಡ್ತಾ ತೋಳು ಬರಿದಾದ್ವು. ನಮ್ಮ ಕಣ್ಣಿಗೆ. ಅಣ್ಣ ಮಾತ್ರ ಬರೀ ತೋಳಿನ ಕಡೆ ನೋಡ್ಕೊಂಡು ನಗ್ತಾನೇ ಇದ್ದ. ಅವನಿಗೆ ಕಾಣ್ತಿತ್ತಲ್ಲ, ಏನಾತು ಅಂತ ಗೊತ್ತಾಗೋಕೆ ಹೊತ್ತು ಬೇಕಾತು. ಅತ್ತಿಗೆ ಸಾಯೋಗಂಟ ಗೋಡೆ ತಡವ್ತಾ ಓಡಾಡಿದ್ಲು. ಬಟ್ಟೆ ಕಟ್ಟೋದನ್ನ ಊರಿಗೆ ಕಲಿಸಿದೋನು ಅಣ್ಣನೇಯ."

ಸಡಿಲಾದ ಹಲ್ಲನ್ನು ನಾನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ.

"ನನ್ನ ಗಂಟೆಗೆ ಯಾಕತ್ತೆ ಸುಮ್ಮನಾಗಲ್ಲ?" ಎಂದಳು ನೀಲಾಂಬೆ. "ನಾನೂ ಅದೇ ಗೋಡೆ ಮುಂದೆ ತಾನೇ ಬಾರಿಸ್ತೀನಿ?"

"ಗಂಟೆ ಗೋಡೆತಂಕ ಹೋಗುತ್ತೆ. ಅಣ್ಣನ ಬಡಿತ ಗೋಡೆ ಆಚೆಗೂ ಹೋಗ್ತಿತ್ತು. ಅವನು ಇಟ್ಟಿದ್ದನ್ನ ಮುಟ್ಟೋದು ಅವನ ವಾಡಿಕೆ ಒಂದೇ. ನೀನು ಅಪ್ಪಂದನ್ನ ಕಿತ್ತು ಆ ಜಾಗದಾಗೆ ನಿಂದನ್ನ ನೆಟ್ಟಿ. ಮೊದಲು ಅಪ್ಪಂದನ್ನ ಮಾಡಿ ಮುಗಿಸಿ, ಆಮೇಲೆ ನಿಂದನ್ನ ಮಾಡ್ಬೇಕಿತ್ತು. ಒಳಗಿರೋದಕ್ಕೆ ಅಪ್ಪನ ಸುದ್ದಿಲ್ಲ. ಯಾವ ಕೈ ಸಿಕ್ಕರೂ ಹಿಡ್ಕೊಂತೈತೆ. ಅದು ಹಿಡಿದಿದ್ದೆಲ್ಲ ಅದರ ಕಡೆಗೇ ಸೇರುತ್ತೆ, ನಮ್ಮ ಕಣ್ಣಿಗೆ ಇರಲ್ಲ."

"ಈಗ ನನ್ನ ಕೈಗೆ ಬಡಿತ ಬರಲ್ಲ."

"ಕರೆದ್ರೆ ಬರುತ್ತೆ. ಸೌಟು ಹಿಡಿದು 'ಅಪ್ಪನ ಹಾಗೆ' ಅನ್ನು."

ಅಲ್ಲಿಯವರೆಗೆ ಶೇಂಗಾ ತಿನ್ನುತ್ತಿದ್ದ ಚಂದ್ರಿ ಎದ್ದು ನಿಂತಳು. "ಅಮ್ಮನಿಗೆ ಹೆದ್ರಿಕೆ. ನಾನು ಕರೀತೀನಿ. ಅಜ್ಜನ ಹಾಗೆ" ಎಂದಳು. ಅವಳ ಉಳಿದ ಎಡಗೈ ಮೇಲೆದ್ದಿತು, ಎರಡು ಬೆರಳುಗಳು ಕೂಡಿದವು, ಇಲ್ಲದ ಗಂಟೆಯೊಂದನ್ನು ಟಿಣ್ ಟಿಣ್ ಎಂದು ಅಲ್ಲಾಡಿಸಿದವು. ಅವಳು ಆ ಕೈಯನ್ನು ಬೇರೆಯವರದ್ದೆಂಬಂತೆ ನೋಡಿದಳು.

"ನಿನಗೆ ಸಿಗೋದು ನಿಮ್ಮಮ್ಮ ಕೊಟ್ಟಿದ್ದು ಕಣವ್ವ" ಎಂದರು ಹೊನ್ನಕ್ಕ. "ಅವಳನ್ನ ದಾಟಿ ಅಜ್ಜನತ್ರ ಹೋಗೋಕೆ ದಾರಿಯಿಲ್ಲ."

ಮನೆಗೆ ಬರುವಾಗ ಕಾಲುವೆಯ ಏರಿಯ ಮೇಲೆ ನೀಲಾಂಬೆ ನಿಂತಳು. ಬೀದಿಯವರ ತಮಾಷೆಗೆ ಬೇಸತ್ತು ಬಡಿತ ಬಿಟ್ಟಳೆಂದೇ ನಾನು ತಿಳಿದಿದ್ದೆ.

"ಅಪ್ಪನ್ನ ಕರೆದ್ರೆ ಅಪ್ಪನೇ ಬರೋದು ರೀ" ಎಂದಳು. "ನನ್ನ ಮೈಯೊಳಗೆ ಬರೋದು. ಆ ದನಿ ನನ್ನ ಬಾಯಾಗೆ ಇದ್ದಷ್ಟು ಹೊತ್ತು ನನಗೆ ಚಂದ್ರಿ ಹೆಸರು ನೆನಪಾಗ್ತಿರಲಿಲ್ಲ. ಇವಳು ಯಾರ ಮಗಳು ಅಂತ ನೋಡ್ತಾ ನಿಂತಿದ್ದೆ. ಆಗ ತಾನಾಗಿ ಬಂದು ತಾನಾಗಿ ಹೋಗ್ತಿತ್ತು. ಈಗ ನಾನಾಗಿ ಕರೀಬೇಕು. ಕರೆಸ್ಕೊಂಡು ಬಂದೋನು ಹೋಗ್ತಾನೆ ಅಂತ ಯಾರು ಹೇಳ್ಬೇಕು?"

ಮಗಳು ಉಳಿಯಬೇಕಾದರೆ ಅಮ್ಮ ಮಗಳನ್ನು ಮರೆಯುವ ಅಪಾಯಕ್ಕೆ ಒಡ್ಡಿಕೊಳ್ಳಬೇಕು. ನನ್ನ ಬಳಿ ಇದ್ದದ್ದು ಒಂದು ಪೆಟ್ಟಿಗೆ ಬೀಗ.

ಸಂಜೆ ಗೋಡೆ ಮುಂಚೆಯೇ ಶುರುಮಾಡಿತು. ಈ ಸಲ ಬಡಿತದ ನಡುವೆ ಬಿಡುವಿರಲಿಲ್ಲ. ಚಂದ್ರಿ ನಡುಮನೆಯಲ್ಲಿ ನಮ್ಮಿಬ್ಬರ ಮಧ್ಯೆಯೇ ಕುಳಿತಿದ್ದಳು. ನೋಡುತ್ತಿದ್ದಂತೆ ಅವಳ ಬಲಭುಜ ಇಳಿಜಾರಿನಂತೆ ಇಲ್ಲವಾಯಿತು, ಲಂಗದ ಪಟ್ಟಿ ಗಾಳಿಯಲ್ಲಿ ನಿಂತಿತು. "ಅಪ್ಪ, ಜಗ್ತೈತೆ" ಎಂದಳು. ಮೊದಲ ಬಾರಿಗೆ ಅವಳ ದನಿಯಲ್ಲಿ ಹೆದರಿಕೆ ಕೇಳಿದೆ.

ನೀಲಾಂಬೆ ಎದ್ದು ಒಲೆಯ ಬಳಿಯಿಂದ ಇನ್ನೊಂದು ಮರದ ಸೌಟು ತಂದಳು. "ನನ್ನ ಇನ್ನೊಂದು ಕೈ ಹಿಡ್ಕೊಳ್ರಿ" ಎಂದಳು. "ನಾನು ಮರೆತರೆ ಅವಳ ಹೆಸರು ಹೇಳ್ರಿ." ಆಮೇಲೆ ಗೋಡೆಗೆ ಮುಖ ಮಾಡಿ, "ಅಪ್ಪನ ಹಾಗೆ" ಎಂದಳು.

ನಾನು ಹಿಡಿದಿದ್ದ ಕೈ ಒರಟಾಯಿತು. ಸೌಟು ಗೋಡೆಗೆ ಬಿತ್ತು. "ಇದ್ದೀನಿ" ಎಂದರು ಮಾವನವರು ನನ್ನ ಹೆಂಡತಿಯ ಬಾಯಲ್ಲಿ. "ಮಲಕ್ಕೋ."

ಗೋಡೆ ಸುಮ್ಮನಾಯಿತು. ಚಂದ್ರಿಯ ಭುಜ ಮರಳಿತು, ತೋಳು ಮರಳಿತು, ಮುಂಗೈ, ಬೆರಳು. ನೀಲಾಂಬೆ ಗೋಡೆಗೆ ಕಿವಿಯಿಟ್ಟು ನಿಂತೇ ಇದ್ದಳು. ಸೌಟು ಕೆಳಗಿಡಲಿಲ್ಲ.

"ಚಂದ್ರಿ" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಆ ನೋಟ ನನಗೆ ಪರಿಚಯದ್ದು. ಸಂತೆಯಲ್ಲಿ ಬೀಗ ಮಾರುವವನನ್ನು ಮಾವನವರು ನೋಡಿದ ನೋಟ.

"ಯಾವ ಚಂದ್ರಿ?" ಎಂದರು.

ಹೆಸರನ್ನು ಮತ್ತೆ ಮತ್ತೆ ಹೇಳಿದೆ. ನೀಲಾಂಬೆ ಎಂದೂ ಕರೆದೆ. "ಅವಳಿನ್ನೂ ಹುಟ್ಟಿಲ್ಲಪ್ಪ" ಎಂಬ ಉತ್ತರ ಬಂತು, ಬಹಳ ಸೌಮ್ಯವಾಗಿ. ನಾನು ಹಿಡಿದ ಕೈಯನ್ನು ಅವರು ಬಿಡಿಸಿಕೊಂಡರು. ಮಗಳು ಸಿಕ್ಕಿದ್ದಳು, ಹೆಂಡತಿ ಹೋಗಿದ್ದಳು.

ಆಗ ಗಂಟೆ ಸದ್ದಾಯಿತು. ಚಂದ್ರಿ ದೀಪದ ಪಕ್ಕದಿಂದ ಗಂಟೆಯನ್ನೆತ್ತಿ ಈಗಷ್ಟೇ ಮರಳಿದ್ದ ಬಲಗೈಯಿಂದ ಬಾರಿಸುತ್ತಿದ್ದಳು, ಅವಳಮ್ಮ ಬಾರಿಸುವ ಹಾಗೆ, ಕತ್ತು ತುಸು ಓರೆ ಮಾಡಿ, ಕೊನೆಯ ಪೆಟ್ಟನ್ನು ಬೆರಳಿನಿಂದ ತಡೆದು. ಅವಳಿಗೆ ಬಂದಿದ್ದ ಬಳುವಳಿ ಅದೊಂದೇ. ಗೋಡೆಯ ಮುಂದೆ ನಿಂತವರ ಕತ್ತೂ ತುಸು ಓರೆಯಾಯಿತು. ಸೌಟು ಕೈಯಿಂದ ಜಾರಿತು. ನೀಲಾಂಬೆ ಮಗಳ ಕೈಯಿಂದ ಗಂಟೆ ತೆಗೆದುಕೊಂಡು, "ತಾಳ ತಪ್ತಿದೀಯ, ಕೊಡಿಲ್ಲಿ" ಎಂದಳು, ತನ್ನದೇ ದನಿಯಲ್ಲಿ. ಬಾರಿಸಿ ಮುಗಿಸಿದಳು. ಆಮೇಲೆ ಗೋಡೆಗೆ ಹಣೆಯಿಟ್ಟು, "ನಾನೂ ಇದ್ದೀನಿ ಕಣಣ್ಣ" ಎಂದಳು.

ಮಾವನವರು ಕಿವಿಯಿಡುತ್ತಿದ್ದ ಎತ್ತರಕ್ಕೆ ನಾನೂ ಕಿವಿಯಿಟ್ಟೆ. ಹೊನ್ನಕ್ಕ ಹೇಳಿದಾಗಿನಿಂದ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಕೂಸು. ಹಳೆಯ ಹಗ್ಗದ ಮಂಚ ಕಿರುಗುಟ್ಟಿತು. "ಸರಿಯಪ್ಪಾ" ಎಂದಿತು ಒಂದು ದನಿ, ವಿಧೇಯವಾಗಿ. ಅದು ನನ್ನ ವಯಸ್ಸಿನ ಗಂಡಸಿನ ದನಿ, ಬಳಸದೆ ತುಕ್ಕು ಹಿಡಿದದ್ದು.

ನಾವು ಹಳೆಯ ಮನೆಗೇ ಮರಳಿದೆವು. ಬೀದಿಗೆ ಈಗ ಮೊದಲು ಬಡಿತ, ಆಮೇಲೆ ಗಂಟೆ. "ಒಂದಕ್ಕೆ ಎರಡಾತಲ್ಲವ್ವ" ಎಂದು ಪಕ್ಕದ ಮನೆಯವರು ಗೊಣಗುತ್ತಾರೆ. ಬಡಿತಕ್ಕೂ ಗಂಟೆಗೂ ನಡುವೆ ನನ್ನ ಹೆಂಡತಿ ನನ್ನನ್ನು ಗುರುತಿಸುವುದಿಲ್ಲ. ದಿನವೂ ಆ ಹೊತ್ತಿಗೆ ಚಂದ್ರಿ ಆಟ ಬಿಟ್ಟು ಬಂದು, ಬೇಕಾದೀತೆಂದು ಗಂಟೆಯ ಪಕ್ಕ ನಿಂತಿರುತ್ತಾಳೆ. ಮುಂದೊಂದು ದಿನ ಅವಳು "ಅಮ್ಮನ ಹಾಗೆ" ಎಂದು ಕರೆಯಬೇಕಾಗುತ್ತದೆ. ಅಮ್ಮ ಬಂದರೆ ಅಮ್ಮನ ಬೆನ್ನಿಗೆ ಅಜ್ಜನೂ ಬರುತ್ತಾರೆ. ಆಗ ಗಂಟೆಯ ಪಕ್ಕ ಯಾರು ನಿಲ್ಲುತ್ತಾರೋ ಎಂಬುದನ್ನು ನಾನು ಹಗಲು ಹೊತ್ತಿನಲ್ಲಿ ಮಾತ್ರ ಯೋಚಿಸುತ್ತೇನೆ.

ಚಂದ್ರಿಗೆ ಮಕ್ಕಳಾಗುವ ಕಾಲ ದೂರವಿದೆ. ಆದರೂ ಕಳೆದ ಸಂತೆಯಲ್ಲಿ ಒಂದು ಮೊಳ ದಪ್ಪ ಬಟ್ಟೆ ತಂದೆ, ಆಗಿನ ಅಳಿಯನ ಬಾಯಿಗೆ. ಎಲ್ಲಿಟ್ಟಿದ್ದೇನೆಂದು ಆ ಹೊತ್ತಿಗೆ ಯಾರೂ ಹುಡುಕಬಾರದು. ಹೊಸ್ತಿಲ ಮೇಲೆ ನಿಂತು, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎಮ್ಮೆ ಕಟ್ಟುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ "ಬಯಲಿಗೆ" ಎಂದು ಹೇಳಿ ಒಳಗೆ ಕಾಲಿಟ್ಟೆ.